ಕೆಂಪು ಯಾವುದು, ಕಪ್ಪು ಯಾವುದು

ನಮ್ಮ ಸೀಮೆಯವರಿಗೂ ವಾಹನಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ, ಅದೂ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕೆತ್ತಿಟ್ಟಿದ್ದಾರಲ್ಲ: ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಡಿಕೊಂಡ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯವನ್ನೇ ಕಟ್ಟಿದ. ವಾಹನದ ತಕರಾರಿನಿಂದ ಇಷ್ಟು ಲಾಭ ಮಾಡಿಕೊಂಡವರು ನಮ್ಮಲ್ಲಿ ಮತ್ತೆ ಹುಟ್ಟಲಿಲ್ಲ. ಸೊರಬದ ನಮ್ಮ ಭಾವನಿಗೆ ಸಿಕ್ಕಿದ್ದು ಬರೀ ಬಿಲ್ಲು.

ಆಷಾಢದ ಮಳೆಯಲ್ಲಿ ಸೊರಬದ ಕಡೆ ಕಾರಿಗೆ ಕೆಲಸವಿರುವುದಿಲ್ಲ. ಗದ್ದೆ ನಾಟಿ ಬಿಟ್ಟು ನೆಂಟರ ಮನೆಗೆ ಯಾರು ಹೋಗುತ್ತಾರೆ? ಭಾವನ ಕಾರು ತಗಡಿನ ಶೆಡ್ಡಿನಲ್ಲಿ, ಅಡಿಕೆ ಸಿಪ್ಪೆಯ ಮೂಟೆಗಳ ಪಕ್ಕ, ಕೋಳಿಗಳಿಗೆ ಬಾನೆಟ್ಟು ಬಿಟ್ಟುಕೊಟ್ಟು ನಿಂತಿತ್ತು. ಅಕ್ಕನಿಗೆ ಚಂದ್ರಗುತ್ತಿ ರೇಣುಕಾಂಬೆಗೆ ಹಣ್ಣುಕಾಯಿ ಮಾಡಿಸುವ ಮನಸ್ಸಾದ ದಿನ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್. ಬ್ಯಾಟರಿ ಇಳಿದಿದೆ, ಸೆಲ್ಫ್ ತಿರುಗಿಸುವಷ್ಟು ಕಸುವಿಲ್ಲ, ಆದರೆ ಜೀವ ಇದೆ ಅನ್ನುವ ಸದ್ದು ಅದು.

ಕರೆಂಟು ಎರವಲು ಕೊಡಲು ಪಕ್ಕದ ಮನೆಯ ಟ್ರ್ಯಾಕ್ಟರ್ ಬಂತು. ಅದೂ 12 ವೋಲ್ಟಿನದೇ, ತಪ್ಪಿಲ್ಲ. ಕೇಬಲ್ಲೂ ಬಂತು, ಗ್ರೀಸು ಕುಡಿದು ಕೆಂಪು ವೈರೂ ಕಪ್ಪು ವೈರೂ ಅಣ್ಣತಮ್ಮಂದಿರಾಗಿದ್ದವು. ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಬೆಳ್ಳನೆ ಹಸಿರು ಕಿಲುಬು ಕೂತು ಪ್ಲಸ್ಸಿನ ಗುರುತೇ ಮುಚ್ಚಿಹೋಗಿತ್ತು. ಭಾವ ಧೈರ್ಯಸ್ಥರು. "ಕರೆಂಟಿಗೆ ಎಂಥಾ ಎಡ-ಬಲ ಮಾರಾಯ!" ಎಂದವರೇ ಕ್ಲಿಪ್ಪು ಕಚ್ಚಿಸಿಬಿಟ್ಟರು. ಚಟೀರೆಂದು ಕಿಡಿ, ಸುಟ್ಟ ವಾಸನೆ, ಕೋಳಿಗಳು ದಿಕ್ಕಾಪಾಲು. ಆಮೇಲೆ ಕೀಲಿ ತಿರುಗಿಸಿದರೆ ಟಿಕ್ ಕೂಡ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಇಲ್ಲ. ಅಲ್ಲಮ ಹುಟ್ಟಿದ ಬಳ್ಳಿಗಾವೆ ನಮಗೆ ಪಕ್ಕದ್ದೇ. ಆದರೂ ಶೂನ್ಯವೆಂದರೆ ಏನೆಂದು ಭಾವನಿಗೆ ತಿಳಿದದ್ದು ಆ ಗಳಿಗೆಯಲ್ಲಿ.

ಕಾರು ನಿಂತರೆ ಊರಿಗೆ ಊರೇ ಮೆಕ್ಯಾನಿಕ್ಕು. ಒಬ್ಬರು ತಳ್ಳಿಸಿ ಸೆಕೆಂಡ್ ಗೇರಿಗೆ ಹಾಕಿ ಎಂದರು. ಕೆಸರಿನಲ್ಲಿ ತಳ್ಳಿದವರ ಪಂಚೆ ಕೆಂಪಾಯಿತೇ ಹೊರತು ಇಂಜಿನ್ ಕೆಮ್ಮಲೂ ಇಲ್ಲ. ಒಬ್ಬ ಹಿರಿಯರು ಅಂಬಾಸಿಡರಿನ ಹ್ಯಾಂಡಲ್ಲನ್ನು ನೆನೆದು ನಿಟ್ಟುಸಿರಿಟ್ಟರು. 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಬಂದ ಮೇಲೆ ಮನುಷ್ಯನ ರಟ್ಟೆ ಉಳಿಯಿತು, ನಿಜ. ಹ್ಯಾಂಡಲ್ಲಿಗೆ ಪ್ಲಸ್ಸು ಮೈನಸ್ಸು ಇರಲಿಲ್ಲ ಅನ್ನುವುದೂ ನಿಜ. ಇನ್ನೊಬ್ಬರು ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಹೇಳಿಕೊಳ್ಳಿ ಎಂದರು. ಬಂದ ಸಲಹೆಗಳಲ್ಲಿ ಕಾರಿಗೆ ಹಾನಿಯಿಲ್ಲದ್ದು ಅದೊಂದೇ.

ಶಿರಾಳಕೊಪ್ಪದಿಂದ ಬಂದ ಎಲೆಕ್ಟ್ರಿಷಿಯನ್ ಹುಡುಗ ಯಾರ ಮಾತೂ ಕೇಳಲಿಲ್ಲ, ಹಾರನ್ ಒತ್ತಿದ. ಇಲ್ಲ. ಹೆಡ್‌ಲೈಟು? ಇಲ್ಲ. "ಮೇನ್ ಫ್ಯೂಸ್ ಹೋಗಿದೆ ಗೌಡ್ರೇ. ಹೋಗಿದ್ದು ಒಳ್ಳೇದೇ ಆಯ್ತು" ಎಂದ. ಅವನು ಹೇಳಿದ್ದು ಸರಿ. ನಾವು ಡೈನಮೋ ಅನ್ನುವ ಆಲ್ಟರ್ನೇಟರಿನ ಒಳಗೆ ಡಯೋಡುಗಳಿರುತ್ತವೆ. ಒಂದೇ ಕಡೆಗೆ ತೆರೆಯುವ ಬಾಗಿಲುಗಳು ಅನ್ನಿ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಆ ಬಾಗಿಲು ಹಾರುಹೊಡೆದು ಎರ್ರಾಬಿರ್ರಿ ಕರೆಂಟು ನುಗ್ಗುತ್ತದೆ. ಡಬ್ಬಿಯಲ್ಲಿ ಬೋಲ್ಟು ಹಾಕಿ ಕೂರಿಸಿದ ದೊಡ್ಡ ಫ್ಯೂಸು ತಾನು ಮೊದಲು ಸುಟ್ಟುಕೊಂಡರೆ ಮಿಕ್ಕವು ಉಳಿಯುತ್ತವೆ; ಕ್ಷಣ ತಡವಾದರೆ ಡಯೋಡು, ಇನ್ನೂ ಗ್ರಹಚಾರ ಕೆಟ್ಟಿದ್ದರೆ ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರು.

ಅಷ್ಟರಲ್ಲಿ ಗುಂಪಿನಿಂದ ಒಂದು ತುಂಡು ತಾಮ್ರದ ತಂತಿ ಮುಂದೆ ಬಂತು. "ಇದನ್ನ ಸುತ್ತು, ನಮ್ಮ ಪಂಪ್‌ಸೆಟ್ಟಿಗೆ ಇದೇ ಇರೋದು." ಹುಡುಗ ತಂತಿಯನ್ನೂ ತಂದವರನ್ನೂ ಒಂದು ಸಲ ನೋಡಿ, "ಹಂಗಾದ್ರೆ ಮುಂದಿನ ಸಲ ಸುಡೋದು ಫ್ಯೂಸಲ್ಲ, ಕಾರು" ಎಂದ. ಅವನಿಗೆ ಆಗಲೇ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹೊಸ ಫ್ಯೂಸು ಬಂತು, ಬ್ಯಾಟರಿ ಚಾರ್ಜಾಯಿತು, ಕಾರು ಸ್ಟಾರ್ಟೂ ಆಯಿತು. ಎಲ್ಲರೂ ಚಹಾ ಕುಡಿಯಲು ಎದ್ದರು. ಹುಡುಗ ಮಾತ್ರ ಮೀಟರ್ ಹಿಡಿದು ಕೂತಿದ್ದ: ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಆಸುಪಾಸು ಇರಬೇಕು, ಅದು 12ರಲ್ಲೇ ನಿಂತು ನಿಧಾನಕ್ಕೆ ಇಳಿಯುತ್ತಿತ್ತು. ಬ್ಯಾಟರಿಯ ಕೆಂಪು ದೀಪವೂ ಆರಿರಲಿಲ್ಲ. ಡಯೋಡು ಹೋಗಿತ್ತು. ಡೈನಮೋ ಬಿಚ್ಚಿಕೊಂಡು ರಿಪೇರಿಗೆ ಹೋಯಿತು, ಅಕ್ಕ ಬಸ್ಸಿನಲ್ಲೇ ಚಂದ್ರಗುತ್ತಿಗೆ ಹೋಗಿಬಂದಳು.

ಮಳೆಗಾಲದಲ್ಲಿ ಕಾರು ನಿಲ್ಲಿಸಿಟ್ಟವರು ಕಿಲುಬಿಗೆ ಬಿಸಿನೀರು ಹೊಯ್ದು ಪ್ಲಸ್ಸಿನ ಗುರುತು ಕಾಣುವ ಹಾಗೆ ಇಟ್ಟುಕೊಳ್ಳಿ. ಕರೆಂಟು ಎರವಲು ಪಡೆಯುವಾಗ ಕೆಂಪು ವೈರು ಎರಡೂ ಕಡೆ ಪ್ಲಸ್ಸಿಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕಪ್ಪಿನ ಇನ್ನೊಂದು ತುದಿ ಕೊನೆಗೆ, ಅದೂ ಇಳಿದ ಬ್ಯಾಟರಿಗಲ್ಲ, ಅದರಿಂದ ದೂರಕ್ಕೆ, ಅದೇ ಕಾರಿನ ಇಂಜಿನ್ ಕಬ್ಬಿಣಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುತ್ತಿರುತ್ತದೆ, ಕಿಡಿ ಅಲ್ಲಿ ಹಾರಬಾರದು. ಟ್ರ್ಯಾಕ್ಟರ್ ಸಿಗಲಿಲ್ಲವೆಂದು ಲಾರಿಗೆ ಮಾತ್ರ ಕೈ ಅಡ್ಡ ಹಾಕಬೇಡಿ, ಸಾಮಾನ್ಯವಾಗಿ ಅದರದು 24 ವೋಲ್ಟು.