ಎತ್ತಿನ ಗಾಡಿಯ ಬಾಬತ್ತು

ರಾಜ್ಯವಾಳುವ ಯೋಗ ಜಾತಕದಲ್ಲಿ ಇಲ್ಲದವರ ಸಮಾಧಾನಕ್ಕೆಂದೇ ನಮ್ಮ ಪೂರ್ವಿಕರು ಚದುರಂಗವನ್ನು ಕಲ್ಪಿಸಿದರೆಂದು ತೋರುತ್ತದೆ. ಹಾಲಿನವನ ತಿಂಗಳ ಲೆಕ್ಕವನ್ನು ನೆಟ್ಟಗೆ ಇಡಲಾರದ ಗೃಹಸ್ಥನು ಕೂಡ ಆ ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೊಡನೆಯೇ ಆನೆ ಕುದುರೆಗಳನ್ನು ನಿರ್ವಿಕಾರಚಿತ್ತದಿಂದ ಬಲಿಗೊಟ್ಟು, ಮಂತ್ರಿಯನ್ನು ಒತ್ತೆಯಿಟ್ಟು, ಚಕ್ರವರ್ತಿಯಂತೆ ಮೀಸೆ ತಿರುವಬಲ್ಲನು. ಹೀಗಿರುವಾಗ, ಬಡ್ಡಿಯ ಲೆಕ್ಕದಿಂದ ಮುಂದಕ್ಕೆ ಗಣಿತದಲ್ಲಿ ಗತಿಯಿಲ್ಲದ ನಾನು ಭಾರತದ ಬಾಹ್ಯಾಕಾಶ ಕಾರ್ಯಕ್ರಮವನ್ನು ಆಮೂಲಾಗ್ರವಾಗಿ ನಡೆಸುವಂಥ ಒಂದು ಮಣೆಯಾಟವನ್ನು ರಚಿಸಲು ಹೊರಟದ್ದರಲ್ಲಿ ಅನುಚಿತವೇನೂ ನನಗೆ ಕಾಣಲಿಲ್ಲ. ಅನುಚಿತವೆಂದು ಕಂಡದ್ದು ನನ್ನ ಹೆಂಡತಿಗೆ, ಅದೂ ಊಟದ ಮೇಜನ್ನು ನಾನು ಶ್ರೀಹರಿಕೋಟವೆಂದು ಘೋಷಿಸಿದ ಮೇಲೆ.

ಸಾಮಗ್ರಿಗೆ ಕೊರತೆಯಿರಲಿಲ್ಲ. ಮನೆಯಲ್ಲಿ ರಾಶಿ ಬಿದ್ದಿದ್ದ ಮದುವೆಯ ಕರೆಯೋಲೆಗಳನ್ನು ಇಸ್ಪೀಟು ಎಲೆಗಳ ಅಳತೆಗೆ ಕತ್ತರಿಸಿ, ಒಂದೊಂದರ ಹಿಂಬದಿಯಲ್ಲೂ ಇತಿಹಾಸದ ಒಂದೊಂದು ಪ್ರಸಂಗವನ್ನು ಬರೆದೆನು. ಕಾಂತೀಯ ವಿಷುವದ್ರೇಖೆಯ ಸಮೀಪದಲ್ಲಿದೆಯೆಂಬ ಒಂದೇ ಪುಣ್ಯದಿಂದ ಲೋಕವಿಖ್ಯಾತವಾದ ತುಂಬಾ ಎಂಬ ಬೆಸ್ತರ ಹಳ್ಳಿ. ಅಲ್ಲಿಯ ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾದದ್ದು. ರಾಕೆಟ್ಟಿನ ಭಾಗಗಳು ಬೈಸಿಕಲ್ಲಿನ ಹಿಂದೆ ಕುಳಿತು ಸವಾರಿ ಹೋದದ್ದು. 1963ರ ನವೆಂಬರ್ 21ರಂದು ಅಮೆರಿಕದಿಂದ ಬಂದ ನೈಕ್-ಅಪಾಚೆ ಅಲ್ಲಿಂದ ಚಿಮ್ಮಿದ್ದು. ನಮ್ಮ ಉಡುಪಿಯ ಕಡೆಯವರಾದ ಯು. ಆರ್. ರಾಯರು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ 360 ಕಿಲೋ ತೂಕದ ಆರ್ಯಭಟವನ್ನು ಕಟ್ಟಿಸಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಹೆಗಲೇರಿಸಿ ಕಳುಹಿಸಿದ್ದು. ಅದು ಮೇಲಿನಿಂದ ಕಳುಹಿಸಿದ ವರ್ತಮಾನವನ್ನು ಬರಮಾಡಿಕೊಳ್ಳಲು ಬೆಂಗಳೂರಿನಲ್ಲಿ ಒಂದು ಪಾಯಖಾನೆಯನ್ನೇ ಕೇಂದ್ರವಾಗಿ ಮಾರ್ಪಡಿಸಿದ್ದು. ಈ ಕಡೆಯ ಎಲೆಯನ್ನು ಬರೆಯುವಾಗ ನನಗಾದ ಆನಂದವನ್ನು ವರ್ಣಿಸಲು ಸಭ್ಯತೆ ಅಡ್ಡಬರುತ್ತದೆ.

ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಾಕೆಟ್ಟಿಗೆ ಇಂಧನ ಬೇಕು. ಆ ಇಂಧನದ ಭಾರವನ್ನು ಎತ್ತಲು ಮತ್ತಷ್ಟು ಇಂಧನ ಬೇಕು. ಜಾತ್ರೆಗೆ ಹೊರಟವನು ಬುತ್ತಿ ಹೊರಲು ಒಂದಾಳನ್ನೂ, ಆ ಆಳಿನ ಬುತ್ತಿ ಹೊರಲು ಮತ್ತೊಂದಾಳನ್ನೂ ಕಟ್ಟಿಕೊಂಡ ಹಾಗೆ. ಇದನ್ನು ಸಿಯೋಲ್ಕೋವ್‌ಸ್ಕಿ ಎಂಬ ರಷ್ಯನ್ ಉಪಾಧ್ಯಾಯರು 1903ರಲ್ಲಿಯೇ ಸಮೀಕರಣದ ರೂಪದಲ್ಲಿ ಪ್ರಕಟಿಸಿದ್ದಾರೆ. ನಾನು ಅದನ್ನು ಹುಣಿಸೆಬೀಜಗಳಲ್ಲಿ ನಿರೂಪಿಸಿದೆನು. ಧ್ರುವಗಳ ಮೇಲೆ ಸುತ್ತತಕ್ಕ ಉಪಗ್ರಹವನ್ನು ಶ್ರೀಹರಿಕೋಟದಿಂದ ದಕ್ಷಿಣಕ್ಕೆ ಹಾರಿಸುವಾಗ, ಉರಿದು ಕಳಚಿದ ಹಂತಗಳು ಸಿಂಹಳದ್ವೀಪದವರ ತಲೆಯ ಮೇಲೆ ಬೀಳಬಾರದೆಂದು ದಾರಿಯನ್ನು ಬಾಗಿಸಬೇಕಾಗುತ್ತದೆ. ಹಾಗೆ ಬಾಗಿಸಿದ್ದಕ್ಕೆ ಹೊರುವ ಭಾರದಲ್ಲಿ ದಂಡ ತೆರಬೇಕಾಗುತ್ತದೆ. ಆಂಜನೇಯನು ನೇರವಾಗಿ ಹಾರಿಹೋದ ಲಂಕೆಯನ್ನು ನಮ್ಮ ರಾಕೆಟ್ಟು ಪ್ರದಕ್ಷಿಣೆ ಬಂದು ಹೋಗುವುದು ಯುಗಧರ್ಮವೆಂದು ತಿಳಿದು ಆ ದಂಡವನ್ನೂ ಹುಣಿಸೆಬೀಜದಲ್ಲಿಯೇ ವಿಧಿಸಿದೆನು. ಉಳಿದದ್ದು ದೈವ. ಅದಕ್ಕೆ ಚೌಕಾಬಾರದ ನಾಲ್ಕು ಕವಡೆ: ನಾಲ್ಕೂ ಬೋರಲು ಬಿದ್ದರೆ ರಾಕೆಟ್ಟು ಬಂಗಾಳಕೊಲ್ಲಿಗೆ ಸಮರ್ಪಿತವಾಗತಕ್ಕದ್ದು.

ಆಡುವವರು ನೆರೆಮನೆಯ ಗಣಿತದ ಮೇಷ್ಟರು, ನನ್ನ ಅಣ್ಣನ ಮಗಳು, ಮೇಜಿನ ಮೇಲಣ ಹಕ್ಕನ್ನು ಬಿಟ್ಟುಕೊಡದೆ ಕುಳಿತಿದ್ದ ನನ್ನ ಹೆಂಡತಿ ಮತ್ತು ಅವಳ ಅಣ್ಣ, ಎಂದರೆ ನನ್ನ ಭಾವನವರು. ಭಾವನವರು ತಮ್ಮ ಆಯುಷ್ಯದ ಸಾರಭಾಗವನ್ನು ಒಂದು ಕಚೇರಿಯ ಲೆಕ್ಕಪರಿಶೋಧನೆಯಲ್ಲಿ ಕಳೆದು ನಿವೃತ್ತರಾದವರು. ಆ ಕಚೇರಿ ಯಾವುದೆಂದು ಹೇಳುವುದು ಉಚಿತವಲ್ಲ. ನಮ್ಮ ಬಾಹ್ಯಾಕಾಶ ಆಯೋಗದಲ್ಲಿ ಹಣಕಾಸಿನ ಸದಸ್ಯರೆಂಬ ಒಂದು ಸ್ಥಾನ ವಾಸ್ತವವಾಗಿಯೂ ಇರುವುದರಿಂದ, ಮಿಕ್ಕ ಹೊಣೆಗಳಿಗೆ ಒಗ್ಗದ ಭಾವನವರನ್ನು ಅಲ್ಲಿ ಕೂರಿಸಿ, ಮಂಜೂರಾತಿಯ ಎಲೆಗಳನ್ನು ಅವರ ಕೈಗಿತ್ತೆನು. ಅವರು ಜೇಬಿನಿಂದ ಕೆಂಪು ಪೆನ್ಸಿಲನ್ನು ತೆಗೆದರು. ಅದು ಅವರ ಜೇಬಿನಲ್ಲಿ ಏಕಿತ್ತೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಹುಡುಗಿ ಮೊದಲನೆಯ ಎಲೆಯನ್ನು ಎತ್ತಿದಳು. ಅದು 'ಆಪಲ್' ಉಪಗ್ರಹದ್ದು: 1981ರ ಜೂನ್ 19ರಂದು ಫ್ರೆಂಚ್ ಗಯಾನದ ಕೂರೂವಿನಿಂದ ಏರಿಯಾನ್ ರಾಕೆಟ್ಟಿನಲ್ಲಿ ಹೋದದ್ದು, ಹೋಗುವುದಕ್ಕೆ ಮುನ್ನ ಅದರ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸುವಾಗ, ಲೋಹದ ವಾಹನ ವಿದ್ಯುತ್ಕಾಂತೀಯ ಅಲೆಗಳಿಗೆ ಅಡ್ಡಿಮಾಡೀತೆಂದು ಎತ್ತಿನ ಗಾಡಿಯ ಮೇಲೆ ಕೂರಿಸಿದ್ದು. ಗಾಡಿಯ ಬಾಡಿಗೆ ಎರಡು ಹುಣಿಸೆಬೀಜವೆಂದು ನಾನು ಗೊತ್ತುಮಾಡಿದ್ದೆನು.

"ಮೂರು ಕೊಟೇಷನ್ ಎಲ್ಲಿ?" ಎಂದರು ಭಾವನವರು.

ಇದು ಆಟವೆಂದು ವಿನಯದಿಂದ ಜ್ಞಾಪಿಸಿದೆನು. ಆಟವಾದರೂ ಹಣ ಸಾರ್ವಜನಿಕರದೆಂದು ಅವರು ಹುಣಿಸೆಬೀಜದ ಬಟ್ಟಲನ್ನು ತಮ್ಮ ಕಡೆಗೆ ಸರಿಸಿಕೊಂಡರು. ಹುಡುಗಿ ಚುರುಕಿನವಳು, ಒಳಕ್ಕೆ ಓಡಿಹೋಗಿ ಮೂವರು ಗಾಡಿಯವರ ಹೆಸರಿನಲ್ಲಿ ಮೂರು ಚೀಟಿಗಳನ್ನು ಬರೆದುಕೊಂಡು ಬಂದಳು. ಭಾವನವರು ಅವನ್ನು ದೀಪಕ್ಕೆ ಹಿಡಿದು ನೋಡಿ, ಮೂರರ ಅಕ್ಷರವೂ ಒಂದೇ ಕೈಯದೆಂದು ಷರಾ ಬರೆದು ಹಿಂದಿರುಗಿಸಿದರು. ಒಂದನ್ನು ನನ್ನ ಹೆಂಡತಿಯೂ ಇನ್ನೊಂದನ್ನು ಮೇಷ್ಟರೂ ತಿರುಗಿ ಬರೆದುಕೊಟ್ಟ ಮೇಲೆ, ಕನಿಷ್ಠ ದರದ ಗಾಡಿಗೆ ಎತ್ತುಗಳು ಸೇರಿವೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ಸೇರಿದ್ದರೆ ಅವುಗಳ ಹುಲ್ಲು ಹಿಂಡಿಯ ವೆಚ್ಚ ಗಾಡಿಯವನದೋ ಸಂಸ್ಥೆಯದೋ? ಸಂಸ್ಥೆಯದಾದರೆ ಅದು ಇಂಧನದ ಖಾತೆಗೆ ಬೀಳತಕ್ಕದ್ದೋ ಸಿಬ್ಬಂದಿಯ ಉಪಾಹಾರದ ಖಾತೆಗೋ? ಮೇಷ್ಟರು, ಎತ್ತು ದುಡಿಯುವುದರಿಂದ ಸಿಬ್ಬಂದಿಯೇ ಸರಿ ಎಂದರು. ಸಿಬ್ಬಂದಿಯಾದರೆ ಅದಕ್ಕೆ ಭತ್ಯೆ ಸಲ್ಲಬೇಕು, ಭತ್ಯೆ ಪಡೆದುದಕ್ಕೆ ಅದು ರುಜು ಹಾಕಬೇಕು ಎಂದು ಭಾವನವರು ತಡೆದರು. ಗೊರಸಿನ ಗುರುತು ಸಾಲದೆ, ಹೆಬ್ಬೆಟ್ಟಿಗೆ ಸಮಾನವಲ್ಲವೆ ಎಂದು ಹುಡುಗಿ ಕೇಳಿದ್ದನ್ನು ಅವರು ಪರಿಹಾಸವೆಂದು ತಳ್ಳಿಹಾಕದೆ, ದೃಢೀಕರಿಸುವ ಅಧಿಕಾರಿ ಯಾರೆಂದು ಗಂಭೀರವಾಗಿ ವಿಚಾರಿಸಿದರು.

ಇಷ್ಟಾಗುವ ಹೊತ್ತಿಗೆ ಎರಡನೆಯ ಸರದಿ ಕಾಫಿಯೂ ಮುಗಿದಿತ್ತು. ಕೂರೂವಿನಲ್ಲಿ ಏರಿಯಾನ್ ನಿಂತು ಕಾಯುತ್ತಿದೆ, ಫ್ರೆಂಚರು ನಮಗಾಗಿ ತಡೆಯುವವರಲ್ಲ ಎಂದು ನಾನು ದನಿಯೇರಿಸಿದೆನು. "ತಡೆಯುವುದಿಲ್ಲವೆಂಬುದನ್ನು ಬರವಣಿಗೆಯಲ್ಲಿ ತಿಳಿಸಲಿ" ಎಂದು ಭಾವನವರು ಪೆನ್ಸಿಲಿನ ತುದಿಯನ್ನು ಚೂಪುಮಾಡಿದರು. ಮತ್ತು ಅದೇ ಉಸಿರಿನಲ್ಲಿ, ಪರೀಕ್ಷೆ ನಡೆಯುವ ಕಾಲದಲ್ಲಿ ಎತ್ತುಗಳು ಹಾಕುವ ಸಗಣಿ ಯಾರ ಸ್ವತ್ತು, ಅದರ ಹುಟ್ಟುವಳಿಯನ್ನು ಯಾವ ಬಾಬತ್ತಿನಲ್ಲಿ ಜಮಾ ಹಿಡಿಯತಕ್ಕದ್ದು ಎಂಬ ಪ್ರಶ್ನೆಯನ್ನು ಸಭೆಯ ಮುಂದಿಟ್ಟರು. ಈ ಪ್ರಶ್ನೆಯ ಮೇಲೆ ನಡೆದ ಚರ್ಚೆಯನ್ನು ಸಮಗ್ರವಾಗಿ ಕೊಡಲು ಇಲ್ಲಿ ಸ್ಥಳವಿಲ್ಲ. ನನ್ನ ಹೆಂಡತಿ, ಅಷ್ಟುಹೊತ್ತೂ ಆಕಳಿಸುತ್ತಿದ್ದವಳು, ಬೆರಣಿಯ ದರವನ್ನು ಕುರಿತು ಹತ್ತು ನಿಮಿಷ ಮಾತನಾಡಿದಳೆಂದೂ, ಆಕೆಯ ಮುಖದಲ್ಲಿ ನನ್ನ ಆಟವನ್ನು ಕಂಡು ಮೂಡಿದ ಮೊದಲನೆಯ ಉತ್ಸಾಹ ಅದೆಂದೂ ಹೇಳಿದರೆ ಸಾಕು. ಕಟ್ಟಕಡೆಗೆ, ಸಗಣಿಯ ಪ್ರಶ್ನೆಯನ್ನು ಪ್ರತ್ಯೇಕ ಕಡತದಲ್ಲಿ ಕಾದಿರಿಸಿ, ಎತ್ತುಗಳು ಯಾವ ಕಾಲಕ್ಕೂ ಸಂಸ್ಥೆಯ ಸ್ವತ್ತಾಗತಕ್ಕವಲ್ಲವೆಂಬ ಷರತ್ತಿನ ಮೇಲೆ, ಎರಡು ಹುಣಿಸೆಬೀಜ ಮಂಜೂರಾದವು.

ನನಗೆ ಸಿಟ್ಟು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಎದುರಿಗೆ ಚಂದ್ರಮಂಡಲಕ್ಕೆ ದಾರಿ ತೆರೆದಿದ್ದರೂ ಅದರ ಮೆಟ್ಟಲುಗಳನ್ನು ಎಣಿಸಿ ರಸೀತಿ ಕೇಳುವ ಒಂದು ಜಾತಿಯ ಮನುಷ್ಯರಿದ್ದಾರೆ. ಇವರು ತ್ರಿಶಂಕುವಿನ ಕಾಲದಲ್ಲಿದ್ದಿದ್ದರೆ ವಿಶ್ವಾಮಿತ್ರರು ಪ್ರಯಾಣವೆಚ್ಚದ ಪಟ್ಟಿ ಸಲ್ಲಿಸುವುದರಲ್ಲಿಯೇ ತಪಸ್ಸು ಕ್ಷಯಿಸಿಹೋಗುತ್ತಿತ್ತು. ಈ ಅಭಿಪ್ರಾಯವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು, ಮೇಷ್ಟರ ಸರದಿಗೆ ಬಂದ ಎಸ್‌ಎಲ್‌ವಿ-3 ರಾಕೆಟ್ಟಿಗೆ ಭಾವನವರ ರುಜು ಬೀಳುವವರೆಗೆ ಕಾದು, ಕವಡೆಗಳನ್ನು ಕೈಯಲ್ಲಿ ಕುಲುಕಿ ಚೆಲ್ಲಿದೆನು. ನಾಲ್ಕೂ ಬೋರಲು.

ಆ ಎಲೆಯ ಬೆನ್ನಿಗೆ ಇನ್ನೊಂದು ಎಲೆಯನ್ನು ನಾನು ಅಂಟಿಸಿದ್ದೆನು. 1979ರ ಆಗಸ್ಟ್ 10ರಂದು ನಿಜವಾದ ಎಸ್‌ಎಲ್‌ವಿ-3, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟ ಸಿಕ್ಕಿಕೊಂಡು ಆಮ್ಲ ಸೋರಿಹೋದದ್ದರಿಂದ, ಹದಿನೇಳು ಟನ್ನಿನ ತನ್ನ ಮೈಯನ್ನು ಸಂಭಾಳಿಸಲಾರದೆ ಸಮುದ್ರಕ್ಕೆ ಬಿದ್ದಿತು. ಯೋಜನೆಯ ನಿರ್ದೇಶಕರು ಕಲಾಂ. ಸಂಸ್ಥೆಯ ಅಧ್ಯಕ್ಷರು ಸತೀಶ್ ಧವನ್. ಪತ್ರಕರ್ತರ ಮುಂದೆ ಹೋಗಿ ನಿಂತು ಸೋಲಿನ ಹೊಣೆ ಹೊತ್ತವರು ಧವನ್. ಮಾರನೆಯ ವರ್ಷ ಜುಲೈ 18ರಂದು ಅದೇ ಬಗೆಯ ರಾಕೆಟ್ಟು 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರ ಮುಂದೆ ಮಾತನಾಡಲು ಅವರು ಕಲಾಮರನ್ನು ಕಳುಹಿಸಿದರು. ಇದನ್ನು ಆಟದಲ್ಲಿ ಸೇರಿಸದಿರಲು ನನ್ನ ಮನಸ್ಸು ಒಪ್ಪಿರಲಿಲ್ಲ. ಹೇಗೆ ಸೇರಿಸಬೇಕೆಂಬುದೂ ಹೊಳೆದಿರಲಿಲ್ಲ. ಆದುದರಿಂದ 'ಹೊಣೆ' ಎಂಬ ಒಂದು ಎಲೆಯನ್ನು ಮಾಡಿ, ಅದನ್ನು ತೆಗೆದುಕೊಂಡವರು ತಮ್ಮ ಗಳಿಕೆಯಲ್ಲಿ ಅರ್ಧವನ್ನು ಕಳೆದುಕೊಳ್ಳತಕ್ಕದ್ದೆಂದು ಬರೆದು, ಯಾರು ತೆಗೆದುಕೊಳ್ಳತಕ್ಕದ್ದೆಂಬುದನ್ನು ಬರೆಯದೆ ಬಿಟ್ಟಿದ್ದೆನು.

ಎಲೆಯನ್ನು ಮೇಜಿನ ನಡುವೆ ಇಟ್ಟೆನು. ಹುಡುಗಿ ತನ್ನ ಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಮೇಷ್ಟರು, ಲಾಭವಿಲ್ಲದ ನಡೆಯನ್ನು ಬುದ್ಧಿವಂತನಾದ ಆಟಗಾರನು ಎಂದಿಗೂ ನಡೆಸುವುದಿಲ್ಲವೆಂದೂ, ಆದಕಾರಣ ಈ ನಿಯಮ ತರ್ಕಶುದ್ಧವಲ್ಲವೆಂದೂ ಮಾಡಿನ ಕಡೆಗೆ ನೋಡುತ್ತ ವಿವರಿಸಿದರು. ಆಟವನ್ನು ರಚಿಸಿದ ನಾನು ಆಟಗಾರನಲ್ಲವೆಂಬ ಆಧಾರದ ಮೇಲೆ ಸುಮ್ಮನಿದ್ದೆನು. ಭಾವನವರು ಕನ್ನಡಕವನ್ನು ಸರಿಪಡಿಸಿಕೊಂಡು, ಎಲೆಯನ್ನು ಒಮ್ಮೆ ಓದಿ, ತಮ್ಮ ಮುಂದಕ್ಕೆ ಎಳೆದುಕೊಂಡು, ಬಟ್ಟಲಿಗೆ ಅರ್ಧ ಬೀಜಗಳನ್ನು ಎಣಿಸಿ ಹಾಕಿದರು.

"ಮಂಜೂರಾತಿಯ ಮೇಲೆ ರುಜು ನನ್ನದಲ್ಲವೆ?" ಎಂದರು.

ಅದರಲ್ಲಿ ವಿಶೇಷವೇನೂ ಇದೆಯೆಂದು ಅವರಿಗೆ ತೋರಲಿಲ್ಲ. ಎತ್ತಿನ ಭತ್ಯೆಯನ್ನು ಕುರಿತು ಮಾತನಾಡಿದ ಧ್ವನಿಯೇ ಅದು. ಆದರೆ ರುಜು ಹಾಕುವ ಮುನ್ನ ಅಷ್ಟು ಸತಾಯಿಸುವ ಮನುಷ್ಯರಲ್ಲಿ ಕೆಲವರಾದರೂ, ಹಾಕಿದ ಮೇಲೆ ಅದರ ಕೆಳಗೇ ನಿಲ್ಲಬೇಕಾಗುತ್ತದೆಂದು ಬಲ್ಲವರಿರಬಹುದೆಂಬುದು ನನಗೆ ಆವರೆಗೆ ತೋರಿರಲಿಲ್ಲ. ಮನಸ್ಸು ತುಂಬಿಬಂದು, ಹೊಣೆ ಹೊತ್ತವರಿಗೆ ಆಟದ ಕೊನೆಯಲ್ಲಿ ಇಪ್ಪತ್ತು ಬೀಜಗಳ ಬಹುಮಾನವೆಂದು ಅಲ್ಲಿಯೇ ನಿಯಮವನ್ನು ತಿದ್ದಲು ಹೋದೆನು. ಭಾವನವರು ಪೆನ್ಸಿಲನ್ನು ಅಡ್ಡಹಿಡಿದರು. "ಬಹುಮಾನವಿಟ್ಟಿರೋ, ನಾಳೆ ಬಹುಮಾನಕ್ಕಾಗಿಯೇ ರಾಕೆಟ್ಟು ಬೀಳಿಸುವವರು ಹುಟ್ಟುತ್ತಾರೆ." ನಿಯಮ ಹಾಗೆಯೇ ಉಳಿಯಿತು.

ಆಟವೂ ಉಳಿದಿದೆ, ಮಾತ್ರವಲ್ಲ, ಬೀದಿಯಲ್ಲೆಲ್ಲ ಪ್ರಸಿದ್ಧಿಗೆ ಬಂದಿದೆ. ಭಾನುವಾರ ಸಂಜೆಗೆ ಕುರ್ಚಿಗಳು ಸಾಲುವುದಿಲ್ಲ. ಬಂದವರು ತುಂಬಾವನ್ನೂ ಕೇಳುವುದಿಲ್ಲ, ಆರ್ಯಭಟವನ್ನೂ ಕೇಳುವುದಿಲ್ಲ. ಭಾವನವರು ಬಂದರೇ ಎಂದು ಕೇಳಿ, ಬಂದಿದ್ದರೆ ಎತ್ತಿನ ಗಾಡಿಯ ಕಡತವನ್ನು ಬಿಚ್ಚಿಸುತ್ತಾರೆ. ಕಳೆದ ಸಭೆಯಲ್ಲಿ, ಸಗಣಿಯ ಜಮಾಖರ್ಚು ಇತ್ಯರ್ಥವಾಗುವವರೆಗೆ ಯಾವ ರಾಕೆಟ್ಟನ್ನೂ ಹಾರಿಸಕೂಡದೆಂದು ಠರಾವಾಯಿತು. ಠರಾವನ್ನು ಮಂಡಿಸಿದವಳು ನನ್ನ ಹೆಂಡತಿ, ಅನುಮೋದಿಸಿದವರು ಮೇಷ್ಟರು, ವಿರೋಧವಾಗಿ ಕೈಯೆತ್ತಿದ ನನಗೆ, ಆಟಗಾರನಲ್ಲದವನಿಗೆ ಮತವಿಲ್ಲವೆಂದು ಭಾವನವರು ಕೆಂಪಕ್ಷರದಲ್ಲಿ ಬರೆದು ತೋರಿಸಿದರು.