ಬೇಕಾಗಿದ್ದಾನೆ: ಹೊಟ್ಟೆ ಇರುವ ನಾಯಕ

ಗಂಡು-ಗಂಡಿನ ಪ್ರೇಮದ ಇಂಗ್ಲಿಷ್ ಕಾದಂಬರಿಗಳನ್ನು ಓದುವ ಚಟ ಹತ್ತಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮುಖಪುಟದ ಮೇಲೆ ಮುಖ ಕಾಣುವುದು ಅಪರೂಪ. ಕುತ್ತಿಗೆಯಿಂದ ಕೆಳಗೆ, ಸೊಂಟದಿಂದ ಮೇಲೆ, ಅಷ್ಟೇ ಚಿತ್ರ. ರಾಮಾಯಣದ ಕಬಂಧನಿಗೂ ತಲೆ ಇರಲಿಲ್ಲ, ನಿಜ. ಆದರೆ ಆ ಪುಣ್ಯಾತ್ಮನಿಗೆ ಹೊಟ್ಟೆಯಲ್ಲಾದರೂ ಒಂದು ಬಾಯಿ ಇತ್ತು. ಇವರ ಹೊಟ್ಟೆಯಲ್ಲಿ ಇರುವುದು ಎರಡು ಸಾಲಾಗಿ ಜೋಡಿಸಿದ ಆರು ಗಂಟು. ಊಟ ಮಾಡಿದ ಕುರುಹೇ ಇಲ್ಲ.

ನಮ್ಮನೆಯವನಿಗೆ ಈ ಪುಸ್ತಕಗಳೆಂದರೆ ಪ್ರಾಣ. (ಹೆಂಗಸರು ‘ನಮ್ಮನೆಯವರು’ ಅನ್ನುತ್ತಾರಲ್ಲ, ಆ ಅರ್ಥದಲ್ಲೇ ಹೇಳುತ್ತಿದ್ದೇನೆ. ನಾವಿಬ್ಬರೂ ಗಂಡಸರು, ಇಬ್ಬರಿಗೂ ನಲವತ್ತು ದಾಟಿದೆ, ಇಬ್ಬರಿಗೂ ಬಿ.ಪಿ. ಮಾತ್ರೆ ಇದೆ.) ತೂತು ಬಿದ್ದ ಬನಿಯನ್ನಿನಲ್ಲಿ, ಸೊಂಟಕ್ಕೆ ನೋವಿನ ಮುಲಾಮು ಹಚ್ಚಿಸಿಕೊಂಡು, ಮಗ್ಗುಲಾಗಿ ಮಲಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಾನೆ. ನಡುನಡುವೆ ತಲೆಯೆತ್ತಿ ನನ್ನ ಕಡೆ ಒಂದು ನೋಟ. ಮತ್ತೆ ಪುಸ್ತಕದ ಕಡೆ. ಆಮೇಲೆ ಒಂದು ನಿಟ್ಟುಸಿರು.

“ಏನೋ ಅದು?”

“ಏನಿಲ್ಲ ಕಣೋ. ಇವನ ದವಡೆ ಗಾಜು ಕುಯ್ಯೋ ಹಾಗಿದೆಯಂತೆ.”

“ನಂದು?”

“ನಿಂದು ಬೆಣ್ಣೆ ಕುಯ್ದರೆ ಹೆಚ್ಚು. ಅದೂ ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟು ಅರ್ಧ ಗಂಟೆ ಆಗಿರಬೇಕು.”

ಗಾಜು ಕುಯ್ಯುವ ದವಡೆ ಇಟ್ಟುಕೊಂಡು ಆ ಮನುಷ್ಯ ಶೇವಿಂಗ್ ಹೇಗೆ ಮಾಡಿಕೊಳ್ಳುತ್ತಾನೆ, ಅವನಿಗೆ ಮುತ್ತು ಕೊಟ್ಟವನಿಗೆ ಎಷ್ಟು ಹೊಲಿಗೆ ಬೀಳುತ್ತದೆ ಎಂಬುದನ್ನು ಕಾದಂಬರಿಕಾರರು ಹೇಳುವುದಿಲ್ಲ. ಹೇಳುವುದು ಬೇರೆ. ಕಣ್ಣಿನ ಬಣ್ಣ ಸಮುದ್ರದ್ದೋ ಆಕಾಶದ್ದೋ; ಒಬ್ಬನಿಗಿಂತ ಇನ್ನೊಬ್ಬ ಎಷ್ಟು ಎತ್ತರ; ಭುಜದ ಅಗಲ ಬಾಗಿಲಿಗೆ ಹಿಡಿಸುತ್ತದೋ ಇಲ್ಲವೋ. ಎದೆಯ ಮೇಲೆ ಒಂದು ರೋಮ ಕಾಣದು. ಕಿವಿಯ ಮೇಲೆ ಕೂದಲು ಬೆಳೆದ ನಾಯಕನನ್ನು ನಾನಂತೂ ಕಂಡಿಲ್ಲ, ನಮ್ಮ ಕಡೆ ಮೂರು ಮನೆಗೊಬ್ಬರು ಸಿಗುತ್ತಾರೆ. ಈಚೆಗೆ ಐಸ್ ಹಾಕಿ ಆಟಗಾರರ ಪ್ರೇಮಕಥೆಗಳಿಗೆ ಭಾರೀ ಗಿರಾಕಿ. 2019ರಲ್ಲಿ ಬಂದ ರೇಚಲ್ ರೀಡ್ ಅವರ ‘ಹೀಟೆಡ್ ರೈವಲ್ರಿ’ ಆ ಪೈಕಿ ಹೆಸರಾದದ್ದು. ನಿಜವಾದ ಐಸ್ ಹಾಕಿಯಲ್ಲಿ ಮುಂದಿನ ಹಲ್ಲು ಉದುರುವುದು ಕೆಲಸದ ಒಂದು ಭಾಗ. ಪ್ರೇಮಕಥೆಯ ಹಾಕಿಯಲ್ಲಿ ಬಹುಪಾಲು ನಾಯಕರ ಬಾಯಲ್ಲಿ ಮೂವತ್ತೆರಡೂ ಮಿನುಗುತ್ತಿರುತ್ತವೆ.

ಹೆಂಗಸರು ಇದನ್ನು ಓದಿ ನಕ್ಕರೆ ನಗಲಿ, ನಗುವ ಹಕ್ಕು ಅವರಿಗಿದೆ. ನಮ್ಮ ಹಳೆಯ ಕವಿಗಳು ಅಷ್ಟಾದಶ ವರ್ಣನೆಯ ಸಾಲ ತೀರಿಸುವ ನೆಪದಲ್ಲಿ ನಾಯಕಿಯರನ್ನು ಉಂಗುಷ್ಠದಿಂದ ಮುಡಿಯವರೆಗೆ ಅಳೆದವರು. ಆಕೆಗೆ ಕಾಲು ಬೆವರುತ್ತಿತ್ತೋ ಏನೋ ಎಂದು ಒಬ್ಬರೂ ಕೇಳಲಿಲ್ಲ. ಈಗ ಅಳತೆಯ ಟೇಪು ಗಂಡಸಿನ ಕಡೆ ತಿರುಗಿದೆ. ನ್ಯಾಯವೇ.

ಈ ಕಾಯಿಲೆ ಇವತ್ತಿನದೂ ಅಲ್ಲ. 1890ರಲ್ಲಿ ಆಸ್ಕರ್ ವೈಲ್ಡ್ ಡೋರಿಯನ್ ಗ್ರೇಯನ್ನು ಹುಟ್ಟಿಸಿದಾಗ ಹೊನ್ನಿನ ಕೂದಲು, ನೀಲಿ ಕಣ್ಣು, ಕೆಂಪು ತುಟಿ ಎಲ್ಲವನ್ನೂ ಒಬ್ಬನಿಗೇ ಬಿಟ್ಟುಕೊಟ್ಟ. ಮುದಿಯಾಗುವ ಕೆಲಸವನ್ನು ಮಹಡಿಯ ಕೋಣೆಯಲ್ಲಿಟ್ಟ ಚಿತ್ರಪಟಕ್ಕೆ ವಹಿಸಿದ. ಪ್ರೇಮ ಎಂದು ಬಾಯಿಬಿಟ್ಟು ಹೇಳದ ಆ ಪುಸ್ತಕವನ್ನೇ 1895ರಲ್ಲಿ ಎದುರು ಪಕ್ಷದ ವಕೀಲ ಕೋರ್ಟಿನಲ್ಲಿ ಓದಿ ಓದಿ ವೈಲ್ಡನನ್ನು ಅರೆದ.

ನನಗೆ ಹೆಚ್ಚು ಮಜಾ ಅನ್ನಿಸುವುದು ಇ. ಎಂ. ಫಾರ್ಸ್ಟರನ ಕಥೆ. 1913ರಲ್ಲಿ ಆತ ಶೆಫೀಲ್ಡ್ ಹತ್ತಿರದ ಮಿಲ್‌ಥಾರ್ಪ್ ಎಂಬ ಹಳ್ಳಿಗೆ ಎಡ್ವರ್ಡ್ ಕಾರ್ಪೆಂಟರನನ್ನು ನೋಡಲು ಹೋದ. ಕಾರ್ಪೆಂಟರ್ ಗಡ್ಡದ ಮುದುಕ, 1844ರಲ್ಲಿ ಹುಟ್ಟಿದವನು. ತರಕಾರಿ ಬೆಳೆಯುತ್ತ, ಕಾಶ್ಮೀರದಿಂದ ಬಂದ ಒಂದು ಮಾದರಿ ನೋಡಿಕೊಂಡು ತಾನೇ ಚಪ್ಪಲಿ ಹೊಲಿಯುತ್ತ ಇದ್ದ. ಜೊತೆಯಲ್ಲಿ ಬಾಳುತ್ತಿದ್ದವನು ಜಾರ್ಜ್ ಮೆರಿಲ್, ಶೆಫೀಲ್ಡಿನ ಬಡವರ ಕೇರಿಯಲ್ಲಿ ಬೆಳೆದು ಆಗ ನಲವತ್ತು ದಾಟಿದ್ದವನು. ಈ ಮೆರಿಲ್ ಮಹಾಶಯ ಅತಿಥಿಯ ಬೆನ್ನ ಕೆಳಗೆ, ಕುಂಡಿಯ ತುಸು ಮೇಲೆ, ಮೆಲ್ಲಗೆ ಮುಟ್ಟಿದ. ಆ ಸ್ಪರ್ಶ ನೆಟ್ಟಗೆ ತಲೆಗೆ ಹತ್ತಿ ‘ಮಾರಿಸ್’ ಎಂಬ ಕಾದಂಬರಿ ಹುಟ್ಟಿತು ಎಂದು ಫಾರ್ಸ್ಟರ್ ತಾನೇ ಬರೆದಿಟ್ಟಿದ್ದಾನೆ. ಬಂದವರಲ್ಲಿ ಬಹುತೇಕರನ್ನು ಮೆರಿಲ್ ಹಾಗೇ ಮುಟ್ಟುತ್ತಿದ್ದನೆಂದು ಕಾಣುತ್ತದೆ ಎಂದೂ ಸೇರಿಸಿದ್ದಾನೆ, ಪಾಪ.

ಈಗ ನೋಡಿ ತಮಾಷೆ. ಕಥೆಗೆ ಪ್ರೇರಣೆಯಾದದ್ದು ಒಬ್ಬ ಅಜ್ಜ, ಇನ್ನೊಬ್ಬ ನಡುವಯಸ್ಸಿನವನು. ಕಥೆಯಲ್ಲಿ ಬಂದವರು? ಮಾರಿಸ್ ಎಂಬ ಆರೋಗ್ಯವಂತ ಚೆಲುವ ಮತ್ತು ಅಲೆಕ್ ಎಂಬ ಗಟ್ಟಿಮುಟ್ಟಾದ ಎಸ್ಟೇಟ್ ಕಾವಲುಗಾರ. ಮಾರಿಸನನ್ನು ಎಲ್ಲ ರೀತಿಯಲ್ಲೂ ತನ್ನ ಹಾಗೆ ಇಲ್ಲದವನನ್ನಾಗಿ ಮಾಡಿದೆ, ನೋಡಲು ಚೆನ್ನ, ಬುದ್ಧಿ ಮಾತ್ರ ಮಂದ ಎಂಬ ಅರ್ಥದ ಮಾತನ್ನೂ ಫಾರ್ಸ್ಟರ್ ಹೇಳಿದ್ದಾನೆ. ಸುಖಾಂತ್ಯ ಬೇಕೇ ಬೇಕೆಂದು ಹಟ ಹಿಡಿದ ಆ ದೊಡ್ಡ ಲೇಖಕ, ಆ ಸುಖವನ್ನು ತನ್ನಂಥ ಸಾಧಾರಣ ಮುಖದವನಿಗೆ ಕೊಡಲಿಲ್ಲ. ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1971ರಲ್ಲಿ. 1987ರಲ್ಲಿ ಸಿನಿಮಾ ಬಂತು, ಹ್ಯೂ ಗ್ರಾಂಟ್ ಇದ್ದ. ಅಜ್ಜನ ಪಾತ್ರ ಕೇಳಲೇಬೇಡಿ.

ಅಷ್ಟರಲ್ಲಿ ಅಮೆರಿಕದಲ್ಲಿ ಗಾರ್ಡನ್ ಮೆರಿಕ್ ಅಂಗಡಿ ತೆರೆದಾಗಿತ್ತು. 1970ರಲ್ಲಿ ಬಂದ ‘ದ ಲಾರ್ಡ್ ವೋಂಟ್ ಮೈಂಡ್’ ಕಾದಂಬರಿಯ ಚಾರ್ಲಿ ಮತ್ತು ಪೀಟರ್ ಇಬ್ಬರೂ ಬಂಗಾರದ ಬಣ್ಣದವರು, ಇಬ್ಬರೂ ದೇವರ ವಿಗ್ರಹಗಳು. ಮೆರಿಕ್ ಹಿಂದೆ ಬ್ರಾಡ್‌ವೇ ರಂಗಭೂಮಿಯಲ್ಲಿ ನಟನಾಗಿದ್ದವನು, ಕನ್ನಡಿಯ ನಂಟು ಬಿಟ್ಟಿರಲಿಕ್ಕಿಲ್ಲ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು.

ಇವರನ್ನೆಲ್ಲ ಹಂಗಿಸಿ ಮುಗಿಸಬಹುದು. ಆದರೆ ಕಾಲವನ್ನೂ ಸ್ವಲ್ಪ ನೋಡಬೇಕು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಅದಕ್ಕೆ ಮೊದಲು ವೈದ್ಯರ ಕಣ್ಣಿಗೆ ಇಂಥವನು ರೋಗಿ, ಪೊಲೀಸರ ಕಣ್ಣಿಗೆ ಅಪರಾಧಿ, ಕಾದಂಬರಿಯ ಕೊನೆಯಲ್ಲಿ ಹೆಚ್ಚಾಗಿ ಹೆಣ. ಅಂಥ ಹೊತ್ತಿನಲ್ಲಿ ಫಿನ್ಲೆಂಡಿನ ಟೌಕೊ ಲಾಕ್ಸೊನೆನ್ ‘ಟಾಮ್ ಆಫ್ ಫಿನ್ಲೆಂಡ್’ ಎಂಬ ಹೆಸರಿನಲ್ಲಿ, ಮರ ಕಡಿಯುವ ಕಟ್ಟುಮಸ್ತು ಆಳುಗಳು ನಗುನಗುತ್ತ ನಿಂತ ಚಿತ್ರ ಬರೆದ. 1957ರಲ್ಲಿ ಲಾಸ್ ಏಂಜಲಿಸ್‌ನ ಪತ್ರಿಕೆಯೊಂದರಲ್ಲಿ ಅದು ಅಚ್ಚಾದಾಗ ಎಷ್ಟೋ ಗಂಡಸರಿಗೆ ಜೀವ ಬಂದಂತಾಯಿತು. ಮುಂದೆ 1980ರ ದಶಕದಲ್ಲಿ ಏಡ್ಸ್ ಬಂತು. ಸಣಕಲು ದೇಹ ಕಂಡರೆ ಜನ ಅನುಮಾನದಿಂದ ನೋಡುವಂತಾಯಿತು. ಜಿಮ್‌ನಲ್ಲಿ ಬೆಳೆಸಿದ ತೋಳು ‘ನಾನು ಚೆನ್ನಾಗಿದ್ದೇನೆ’ ಎಂಬುದಕ್ಕೆ ಸರ್ಟಿಫಿಕೇಟ್ ಆಯಿತು. ಅಂದರೆ ಈ ಚೆಲುವು ಮೊದಲು ನಮ್ಮ ಪರವಾಗಿ ವಾದಿಸಲು ನೇಮಿಸಿಕೊಂಡ ವಕೀಲ. ಕೇಸು ಅಷ್ಟಿಷ್ಟು ಗೆದ್ದ ಮೇಲೂ ಆ ವಕೀಲ ಮನೆ ಬಿಟ್ಟು ಹೋಗಿಲ್ಲ, ಹಾಲ್‌ನಲ್ಲೇ ಸೋಫಾ ಹಿಡಿದು ಕೂತಿದ್ದಾನೆ. ಬಂದು ಹೋಗುವವರ ಮುಖ ನೋಡಿ ಮಣೆ ಹಾಕುತ್ತಿರುವವನೂ ಅವನೇ.

ಅವನನ್ನು ಲೆಕ್ಕಿಸದೆ ಬರೆದವರೂ ಇದ್ದಾರೆ. 1997ರಲ್ಲಿ ಆನಿ ಪ್ರೂ ಬರೆದ ‘ಬ್ರೋಕ್‌ಬ್ಯಾಕ್ ಮೌಂಟನ್’ ಕಥೆ ತೆಗೆದು ನೋಡಿ. ಅಲ್ಲಿನ ಜ್ಯಾಕ್ ಕುಳ್ಳ, ಸೊಂಟದ ಹಿಂದೆ ಒಂದಿಷ್ಟು ಮಾಂಸ, ನಕ್ಕರೆ ಉಬ್ಬುಹಲ್ಲು. ಎನ್ನಿಸ್‌ಗೆ ಕಿರಿದಾದ ಮುಖ, ಕಮಾನು ಮೂಗು, ಒಳಗೆ ಕುಸಿದ ಎದೆ, ಉದ್ದುದ್ದ ಕಾಲು. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾವ ಮುಖಪುಟದವನೂ ಕ್ಯಾಮರಾ ಎತ್ತುವುದಿಲ್ಲ. ಆ ಉಬ್ಬುಹಲ್ಲಿನವನಿಗಾಗಿ ಎನ್ನಿಸ್ ಇಪ್ಪತ್ತು ವರ್ಷ ಒಳಗೊಳಗೇ ಬೇಯುತ್ತಾನೆ. ಜ್ಯಾಕ್ ಮುಂದೆ ಹಲ್ಲು ಸರಿ ಮಾಡಿಸಿಕೊಂಡದ್ದನ್ನೂ ಕಥೆ ಮರೆಯದೆ ಹೇಳುತ್ತದೆ. ಕೈಗೆ ದುಡ್ಡು ಬಂದವನು ಮಾಡುವ ಕೆಲಸ ಅದು. ಹಲ್ಲು ಸರಿಹೋದದ್ದರಿಂದ ಪ್ರೇಮ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

2005ರಲ್ಲಿ ಆಂಗ್ ಲೀ ಅದನ್ನು ಸಿನಿಮಾ ಮಾಡಿದರು. ಹೀತ್ ಲೆಡ್ಜರ್ ಮತ್ತು ಜೇಕ್ ಜಿಲೆನ್‌ಹಾಲ್. ಆ ನಟನೆಗೆ ನಾನೂ ಕಣ್ಣೀರು ಹಾಕಿದವನೇ, ಮೂರು ಆಸ್ಕರ್ ಬಂದದ್ದಕ್ಕೂ ಆಕ್ಷೇಪವಿಲ್ಲ. ಆದರೆ ಸ್ವಾಮಿ, ಉಬ್ಬುಹಲ್ಲು ಎಲ್ಲಿ ಹೋಯಿತು? ಕುಸಿದ ಎದೆ? ಎಲ್ಲ ಹಾಲಿವುಡ್‌ನ ಗಡಿಯಲ್ಲೇ ಜಪ್ತಿ. ಆಮೇಲೆ ಓದುಗರು ಕಥೆಗೆ ಸುಖಾಂತ್ಯ ಹೊಲಿದು ಹೊಲಿದು ಪ್ರೂ ಅವರಿಗೇ ಕಳಿಸತೊಡಗಿದರಂತೆ. ಕೊನೆಗೆ ಆಕೆ, ಇದನ್ನು ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವ ಮಟ್ಟಕ್ಕೆ ಬೇಸತ್ತರು.

“ಇದೆಲ್ಲ ಬರೆಯೋದು ಹೆಂಗಸರು ಕಣೋ, ಅದಕ್ಕೇ ಹಿಂಗೆ” ಅನ್ನುತ್ತಾನೆ ನಮ್ಮನೆಯವನು. ಈ ಜಗಳ ಜಪಾನಿನಲ್ಲಿ ಎಂದೋ ಆಗಿಹೋಗಿದೆ. ಅಲ್ಲಿ ಹೆಂಗಸರು ಹೆಂಗಸರಿಗಾಗಿ ಬರೆಯುವ ಗಂಡು-ಗಂಡಿನ ಪ್ರೇಮದ ಕಾಮಿಕ್ಸ್‌ಗೆ ದೊಡ್ಡ ಪರಂಪರೆಯೇ ಇದೆ: ಮೊನಚು ಗದ್ದ, ಬಳುಕುವ ನಡು, ರೆಪ್ಪೆ ಮಾತ್ರ ಪೊರಕೆಯಷ್ಟು ದಟ್ಟ. 1992ರಲ್ಲಿ ಸಾತೋ ಮಸಾಕಿ ಎಂಬ ಗೇ ಲೇಖಕ ಒಂದು ಸ್ತ್ರೀವಾದಿ ಪತ್ರಿಕೆಯಲ್ಲಿ ಇದರ ಮೇಲೆ ಹರಿಹಾಯ್ದರು. ನಮ್ಮ ಬದುಕಿಗೂ ಇದಕ್ಕೂ ಸಂಬಂಧವಿಲ್ಲ, ಸುಂದರರನ್ನಷ್ಟೇ ಮೆರೆಸಿ ಉಳಿದವರನ್ನು ಇನ್ನಷ್ಟು ಕೀಳು ಮಾಡುತ್ತಿದ್ದೀರಿ ಎಂಬುದು ದೂರು. ಇದು ನಿಮ್ಮ ಬಗ್ಗೆ ಅಲ್ಲವೇ ಅಲ್ಲ, ನಮ್ಮ ಕಲ್ಪನೆಯ ಆಟ ಎಂಬುದು ಹೆಂಗಸರ ಕಡೆಯಿಂದ ಬಂದ ಒಂದು ಉತ್ತರ. ನನಗೆ ಎರಡೂ ಸರಿ ಅನ್ನಿಸುತ್ತವೆ, ಅದೇ ಕಷ್ಟ.

ಹೆಂಗಸರ ಮೇಲೆ ಗೂಬೆ ಕೂರಿಸುವ ಮೊದಲು ನಮ್ಮವರ ಡೇಟಿಂಗ್ ಆ್ಯಪ್ ತೆರೆದು ನೋಡಿದರೆ ಸಾಕು. ದಪ್ಪಗಿರುವವರು ಬೇಡ, ಕರಿಯರು ಬೇಡ, ಹೆಣ್ಣಿಗ ನಡೆಯವರು ಬೇಡ, ವಯಸ್ಸಾದವರು ಬೇಡವೇ ಬೇಡ. ಬೆಂಗಳೂರಿನ ಹುಡುಗ ಬರೆದದ್ದು ಓದಿದರೆ ಭಾನುವಾರದ ಪತ್ರಿಕೆಯ ವಧು-ವರರ ಅಂಕಣವೇ ವಾಸಿ, ಅಲ್ಲಿ ‘ಎಣ್ಣೆಗೆಂಪು’ ಎನ್ನುವಷ್ಟಾದರೂ ದಾಕ್ಷಿಣ್ಯ ಇರುತ್ತದೆ. ಹೀಗೆ ಬರೆಯುವವನ ಪ್ರೊಫೈಲಿನಲ್ಲಿ ಅವನದೂ ಮುಖವಿಲ್ಲದ ಮುಂಡವೇ.

ಜಪಾನಿನಲ್ಲೇ ಇದಕ್ಕೆ ಮದ್ದು ಅರೆದವರೂ ಸಿಕ್ಕರು. ಗೆಂಗೊರೊ ತಗಾಮೆ ಬರೆಯುವುದೇ ದಢೂತಿ, ಮೈತುಂಬ ರೋಮದ ಗಂಡಸರನ್ನು. 2014ರಲ್ಲಿ ಶುರುವಾದ ಅವರ ‘ಮೈ ಬ್ರದರ್ಸ್ ಹಸ್ಬೆಂಡ್’ ಕಾಮಿಕ್ಸ್‌ನಲ್ಲಿ ಮೈಕ್ ಎಂಬ ಕೆನಡಾದ ಭಾರೀ ಆಸಾಮಿ, ತೀರಿಕೊಂಡ ಗಂಡನ ಊರನ್ನು ಹುಡುಕಿಕೊಂಡು ಜಪಾನಿಗೆ ಬರುತ್ತಾನೆ. 2018ರಲ್ಲಿ ಟಿ.ವಿ.ಗೆ ಬಂದಾಗ ಮೈಕ್‌ನ ಪಾತ್ರ ಮಾಡಿದ್ದು ಬಾರುತೊ, ಎಸ್ಟೋನಿಯಾದಲ್ಲಿ ಹುಟ್ಟಿದ ಮಾಜಿ ಸುಮೊ ಪೈಲ್ವಾನ. ನಮ್ಮನೆಯವನು ಅವನ ಫೋಟೋ ನೋಡಿದವನೇ ಬನಿಯನ್ ಸರಿಮಾಡಿಕೊಂಡ. ಈ ದಢೂತಿಗಳಲ್ಲೂ ಒಂದು ಒಳಜಾತಿ ಇದೆ ಅನ್ನಿ: ಗಡ್ಡ ಕತ್ತರಿಸಿರಬೇಕು, ತೋಳಿನಲ್ಲಿ ಕಸುವಿರಬೇಕು. ಬರೀ ಬೊಜ್ಜು ಸಾಲದು.

ನಮ್ಮ ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಆ ಕಥೆಗಳನ್ನು ಓದಿ ಪುಸ್ತಕ ಮಡಚಿದ ಮೇಲೆ ನನಗೆ ನೆನಪು ಉಳಿದದ್ದು ಮೋಹನಸ್ವಾಮಿಯ ಎದೆಯ ಸುತ್ತಳತೆಯಲ್ಲ. ಒಂದೇ ಮನೆಯಲ್ಲಿದ್ದ ಕಾರ್ತಿಕ್ ಮದುವೆಗೆ ಹೊರಟಾಗ ಇವನಿಗೆ ಆಗುವ ಸಂಕಟ, ಸೈಕಲ್ ಹೊಡೆಯಲು ಬಾರದ ಹುಡುಗನ ಅವಮಾನ. ಮುಖಪುಟದ ಹುಡುಗರು ಎರಡು ಅಧ್ಯಾಯಕ್ಕೆ ಮಸುಕಾಗುತ್ತಾರೆ; ಹೆಸರೂ ಬಾಯಿಗೆ ಬರುವುದಿಲ್ಲ, ಬರೀ ಕಣ್ಣಿನ ಬಣ್ಣ.

ಆದ್ದರಿಂದ ಕಾದಂಬರಿ ಬರೆಯುತ್ತಿರುವ ತರುಣ ತರುಣಿಯರಲ್ಲಿ ಒಂದು ಬಿನ್ನಹ. ನಾಯಕ ಬೇಕಾಗಿದ್ದಾನೆ. ವಯಸ್ಸು ನಲವತ್ತರ ಮೇಲೆ. ಬಣ್ಣ ಯಾವುದಾದರೂ ಸರಿ. ತಲೆ ಮೇಲೆ ಕೂದಲು ಕಡಿಮೆ ಇದ್ದರೂ ನಡೆಯುತ್ತದೆ, ಕಿವಿಯ ಮೇಲೆ ಇದ್ದರೆ ಇನ್ನೂ ಒಳ್ಳೆಯದು. ಅವನನ್ನು ಯಾರಾದರೂ ಮನಸಾರೆ ಪ್ರೀತಿಸಬೇಕು, ಕೊನೆಯವರೆಗೂ ಬದುಕಿರಬೇಕು. ಷರತ್ತು ಒಂದೇ: ಎಂಟನೆಯ ಅಧ್ಯಾಯದಲ್ಲಿ ಅವನನ್ನು ಜಿಮ್‌ಗೆ ಸೇರಿಸಿ ಸಣ್ಣ ಮಾಡಕೂಡದು.