ಸಮುದ್ರದ ಸಾಮಾನು, ಸಿಂಕಿನ ಕೆಲಸ

ನಿಜ ಹೇಳಿ, ಎಷ್ಟಕ್ಕೆ ತಗೊಂಡ್ರಿ? ಮನೇಲಿ ಹೇಳಿದ ರೇಟು ಬೇಡ, ಬಿಲ್ಲಿನಲ್ಲಿರೋದು ಹೇಳಿ. ಮುರುಡೇಶ್ವರಕ್ಕೆ ಹೋದ್ರಿ, ಬೋಟ್ ಹತ್ತಿದ್ರಿ, ನೇತ್ರಾಣಿ ಪಕ್ಕ ಮುಳುಗಿ ಎದ್ರಿ, ಎದ್ದೋರೇ ಕಾರ್ಡ್ ಉಜ್ಜಿದ್ರಿ. ಅಲ್ಲಿ ಎಲ್ಲಾ ಬಾಡಿಗೆಗೇ ಸಿಗುತ್ತೆ ಅಂತ ನಿಮಗೂ ಗೊತ್ತಿತ್ತು. (ಟ್ಯಾಂಕೂ ಕೊಂಡಿದ್ದೀರಾ? ಅಯ್ಯೋ, ನಿಮ್ಮದು ಮುಂದುವರಿದ ಕೇಸು.)

ತಪ್ಪೇನಿಲ್ಲ ಬಿಡಿ. ‘ಗಂಧದ ಗುಡಿ’ಯಲ್ಲಿ ಅಪ್ಪು ನೇತ್ರಾಣಿಯ ನೀರಿಗಿಳಿದದ್ದು ನೋಡಿದ ಮೇಲೆ ಯಾರಿಗೆ ಆಸೆ ಹುಟ್ಟಲ್ಲ? ಆದ್ರೆ ಮಳೆಗಾಲ ಶುರುವಾದ್ರೆ ಅಲ್ಲಿ ಡೈವಿಂಗ್ ಬಂದ್. ಗೇರೆಲ್ಲಾ ಅಟ್ಟದ ಮೇಲೆ. ಮನೆ ಸೋರೋದು, ಪೈಪು ಕಟ್ಟಿಕೊಳ್ಳೋದು, ಬಾಗಿಲು ಉಬ್ಬೋದು ಎಲ್ಲಾ ಅದೇ ತಿಂಗಳುಗಳಲ್ಲಿ. ಕೊಂಡ ಸಾಮಾನಿಗೆ ಸಮರ್ಥನೆ ಬೇಕು, ಸಮರ್ಥನೆ ತೊಟ್ಟಿಕ್ಕುತ್ತಾ ಕಣ್ಣೆದುರೇ ಇದೆ. ಏಣಿ ತಂದೇಬಿಟ್ರಿ, ಅಲ್ವಾ?

ಮಾಸ್ಕಿನಿಂದ ಶುರು ಮಾಡಿದ್ರಿ, ಜಾಣರು. ಮೇಲ್ಛಾವಣಿಗೆ ಡ್ರಿಲ್ ಹಾಕುವಾಗ ಧೂಳು ಕಣ್ಣಿಗೂ ಇಲ್ಲ, ಮೂಗಿಗೂ ಇಲ್ಲ. ಈರುಳ್ಳಿ ಹೆಚ್ಚೋಕಂತೂ ಫಸ್ಟ್ ಕ್ಲಾಸು. ಆದ್ರೆ ಗಾಜಿಗೆ ಮಂಜು ಕಟ್ಟದಿರಲಿ ಅಂತ ಡೈವರ್‌ಗಳು ಒಳಗೆ ಉಗುಳಿ ಉಜ್ಜಿ ತೊಳೀತಾರೆ ನೋಡಿ, ಆ ಪದ್ಧತೀನ ಅಡುಗೆಮನೆಯಲ್ಲಿ, ಮಡಿ ಉಟ್ಟ ಅತ್ತೆಯ ಎದುರಿಗೇ ಪಾಲಿಸಬೇಕಿತ್ತಾ? (ಎಂಜಲು ಅಂದ್ರೇನು ಅಂತ ನಿಮಗೆ ಆವತ್ತು ಪೂರ್ತಿ ಪಾಠ ಆಗಿರಬೇಕು.)

ಆಮೇಲೆ ಸೊಂಟದ ಬೆಲ್ಟಿನ ತೂಕದ ಬಿಲ್ಲೆಗಳು. ಕಿತ್ತು ಬಂದ ಲ್ಯಾಮಿನೇಟಿಗೆ ಫೆವಿಕಾಲ್ ಬಳಿದು ಮೇಲೆ ಹೇರಿದ್ರೆ ಬೆಳಗ್ಗೆ ಹೊತ್ತಿಗೆ ಗಟ್ಟಿ. ಅಷ್ಟಕ್ಕೇ ನಿಲ್ಲಿಸಿ. ಉಪ್ಪಿನಕಾಯಿ ಭರಣಿ ಕಡೆ ತಗೊಂಡು ಹೋಗಬೇಡಿ, ಅದು ಸೀಸ.

ಇರಲಿ, ನಿಮ್ಮ ಕಣ್ಣಿರೋದು ಟ್ಯಾಂಕಿನ ಮೇಲೆ ಅಂತ ಗೊತ್ತು. ಹನ್ನೊಂದು ಲೀಟರಿನ ಸಿಲಿಂಡರು, ಒಳಗೆ 200 ಬಾರ್ ಒತ್ತಡ. ಬಿಚ್ಚಿದ್ರೆ 2200 ಲೀಟರ್ ಗಾಳಿ. (ಆಕ್ಸಿಜನ್ ಅಂತ ನೆಂಟರ ಹತ್ರ ಜಂಬ ಕೊಚ್ಚಬೇಡಿ. ನಾವು ಉಸಿರಾಡೋ ಗಾಳೀನೇ ಸೋಸಿ, ಒಣಗಿಸಿ, ತುರುಕಿರ್ತಾರೆ.) ಕಾರಿನ ಟೈರಿಗೆ ಬೇಕಾಗೋದು ಎರಡೂ ಚಿಲ್ಲರೆ ಬಾರ್. ನಿಮ್ಮ ಲೆಕ್ಕ ಸಲೀಸು: ಇಷ್ಟು ದೊಡ್ಡ ಕಂಪ್ರೆಸರ್ ಮನೇಲಿಟ್ಕೊಂಡು ಬಂಕಿಗೆ ಯಾಕೆ ಹೋಗ್ಬೇಕು?

ಆಗುತ್ತಾ? ಆಗುತ್ತೆ ಸ್ವಾಮಿ. ರೆಗ್ಯುಲೇಟರಿನ ಮೊದಲ ಹಂತ ಆ 200 ಬಾರನ್ನ ಸುಮಾರು ಹತ್ತಕ್ಕೆ ಇಳಿಸುತ್ತೆ. ಜಾಕೆಟ್ಟಿಗೆ ಗಾಳಿ ತುಂಬೋ ಹೋಸಿಗೆ ಒಂದು ಅಡಾಪ್ಟರ್ ಸಿಕ್ಕಿಸಿದ್ರೆ ಟೈರೂ ತುಂಬುತ್ತೆ, ಮೊಳೆ ಹೊಡೆಯೋ ಗನ್ನೂ ಓಡುತ್ತೆ. ಹೊರದೇಶದಲ್ಲಿ ಡೈವರ್‌ಗಳು ಇದನ್ನ ಮಾಡ್ತಾನೇ ಇರ್ತಾರೆ. ರೆಗ್ಯುಲೇಟರ್ ಬಿಟ್ಟು ನೇರ ವಾಲ್ವಿಗೆ ಟ್ಯೂಬ್ ಜಡಿಯೋ ಯೋಚನೆ ಮಾತ್ರ ಈಗಲೇ ಬಿಡಿ. ಟ್ಯಾಂಕ್ ಬಿದ್ದು ವಾಲ್ವ್ ಮುರಿದ್ರೆ ಅದು ಗೋಡೆ ತೂರಿಕೊಂಡು ಪಕ್ಕದ ಮನೆಗೆ ಹೋಗುತ್ತೆ.

ಮನೆಯವರು ಗದರಿದ್ರೆ ಹೇಳೋಕೆ ಒಂದು ಅಸ್ತ್ರ ಕೊಡ್ತೀನಿ, ಹತ್ರ ಬನ್ನಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ. ಕಾರುಗಳನ್ನ ಗ್ಯಾಸಿನಲ್ಲಿ ಓಡಿಸೋಕೆ ಎಮಿಲ್ ಗಾನ್ಯಾನ್ ಅನ್ನೋ ಇಂಜಿನಿಯರ್ ಒಂದು ವಾಲ್ವ್ ಮಾಡಿದ್ದ. ಝಾಕ್ ಕೂಸ್ಟೋ ಜತೆ ಸೇರಿ ಅದನ್ನೇ ತಿದ್ದಿ ತೀಡಿ 1943ರಲ್ಲಿ ‘ಆಕ್ವಾಲಂಗ್’ ಮಾಡಿದ್ರು. ಅಂದ್ರೆ ಕಾರಿನ ಸಾಮಾನು ಸಮುದ್ರಕ್ಕೆ ಹೋಗಿತ್ತು, ನೀವು ವಾಪಸ್ ಕಾರಿಗೆ ತರ್ತಿದ್ದೀರಿ ಅಷ್ಟೇ! (ಈ ವಾದ ನಮ್ಮ ಕಡೆ ಯಾವ ಅಡುಗೆಮನೆಯಲ್ಲೂ ಗೆದ್ದ ದಾಖಲೆ ಇಲ್ಲ.)

ಆದ್ರೂ ನೀವು ಟೈರಿಗೆ ನಿಲ್ಲೋ ಪೈಕಿ ಅಲ್ಲ. ಹಾಲ್‌ನಲ್ಲಿ ಎಸಿ ತೊಟ್ಟಿಕ್ಕುತ್ತಿತ್ತು, ಡ್ರೈನ್ ಪೈಪ್ ಬ್ಲಾಕು. ಹತ್ತು ಬಾರ್ ಗಾಳಿ ಬಿಟ್ರಿ. ಪುಸಕ್ ಅಂತ ಕಟ್ಟಿದ್ದೆಲ್ಲಾ ಹೋಯ್ತು, ಒಪ್ಪಿದೆ. ಎಲ್ಲಿಗೆ ಹೋಯ್ತು? ಪೈಪಿನ ತುದಿ ನೋಡ್ತಿದ್ದ ಕೆಳಮನೆಯವರ ಬಾಲ್ಕನಿಗೆ, ಅಲ್ಲಿ ಒಣಗ್ತಿದ್ದ ಬಿಳೀ ಪಂಚೆಗೆ. ಗೋಡೆಯೊಳಗಿನ ಜಾಯಿಂಟೂ ಬಿಚ್ಚಿಕೊಂಡಿದ್ದು ಗೊತ್ತಾಗಿದ್ದು ನಾಲ್ಕು ದಿನದ ಮೇಲೆ, ಪೇಂಟ್ ಉಬ್ಬಿದಾಗ. ಟ್ಯಾಂಕೂ ಖಾಲಿ. ಪಂಚರ್ ಅಂಗಡಿ ಕಂಪ್ರೆಸರಿಗೆ ಹತ್ತು ಬಾರ್ ದಾಟೋದೇ ಕಷ್ಟ, 200 ಎಲ್ಲಿಂದ ತರ್ತೀರಿ? ಬಂಕಿನಲ್ಲಿ ಪುಕ್ಕಟೆ ಸಿಗೋ ಗಾಳಿಗೆ ಮುರುಡೇಶ್ವರದ ತನಕ ಡೀಸೆಲ್ಲು!

ಸಂಪಿನ ವಿಷಯ ಎತ್ತಲ್ಲ ಅಂದ್ಕೊಂಡ್ರಾ? ಮೋಟಾರ್ ನೀರೆಳೀತಿಲ್ಲ, ಫುಟ್‌ವಾಲ್ವಿನಲ್ಲಿ ಕಸ. ಪೈಪನ್ನ ಮೇಲಕ್ಕೆತ್ತಿ ಕಸ ತೆಗೆದ್ರೆ ಮುಗೀತು. ನೀವು ವೆಟ್‌ಸೂಟ್ ತೊಟ್ಟು, ಟ್ಯಾಂಕ್ ಬೆನ್ನಿಗೇರಿಸಿ, ಎರಡಡಿ ಮುಚ್ಚಳದಲ್ಲಿ ಅರ್ಧ ಇಳಿದು ಸಿಕ್ಕಿಹಾಕ್ಕೊಂಡ್ರಿ. (ಡೈವರ್‌ಗಳು ವೆಟ್‌ಸೂಟಿನೊಳಗೇ ಏನು ಮುಗಿಸ್ತಾರೆ ಅಂತ ಮನೆಯವರಿಗೆ ಹೇಳಬೇಡಿ. ಅದು ಕುಡಿಯೋ ನೀರು.) ಪಿಟ್ಟು, ಮ್ಯಾನ್‌ಹೋಲಿನ ಹತ್ರ ಮಾತ್ರ ತಮಾಷೆ ಬೇಡವೇ ಬೇಡ. ಬೆಂಕಿ ನಂದಿಸೋರ ಉಸಿರಾಟದ ಉಪಕರಣ ಬೇರೆ, ಇದು ಬೇರೆ. ವಿಷಗಾಳಿಗೆ ಇದು ಮಾಡಿದ್ದಲ್ಲ. ಇನ್ನೊಬ್ಬರನ್ನ ಇಳಿಸೋದಕ್ಕೂ ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾನೂನು ಬಿಡಲ್ಲ.

ಇಷ್ಟೆಲ್ಲಾ ಕಿತಾಪತಿಯಲ್ಲಿ ನಿಜಕ್ಕೂ ಕೆಲಸಕ್ಕೆ ಬರೋದು ಯಾವುದು ಗೊತ್ತಾ? ನೀವು ಕಣ್ಣೆತ್ತಿಯೂ ನೋಡದ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ‘ಸೇವ್ ಎ ಡೈವ್’ ಕಿಟ್ಟು. ನಾಲ್ಕು ಓ-ರಿಂಗು, ಜಿಪ್ ಟೈ, ಬೆರಳುದ್ದದ ಸಿಲಿಕೋನ್ ಗ್ರೀಸು. ತೊಟ್ಟಿಕ್ಕೋ ನಲ್ಲಿ ಬಿಚ್ಚಿ, ಸವೆದ ರಿಂಗ್ ತೆಗೆದು, ಅಳತೆ ಕೂಡೋದು ಹಾಕಿ, ಬೆರಳಲ್ಲಿ ತೆಳ್ಳಗೆ ಗ್ರೀಸ್ ಸವರಿ. ವ್ಯಾಸಲಿನ್ ಬೇಡ, ಕೆಲವು ರಬ್ಬರು ಅದಕ್ಕೆ ಉಬ್ಬುತ್ತೆ. ಹತ್ತು ನಿಮಿಷ, ನಲ್ಲಿ ಗಪ್‌ಚಿಪ್. ಫೋಟೋ ಹಾಕೋಕೆ ಲಾಯಕ್ಕಿಲ್ಲ ಅನ್ನೋದೊಂದೇ ನಿಮ್ಮ ದುಃಖ.

ಸರಿ, ಮಳೆ ಮುಗೀತಾ ಬಂತು. ನೀರಿಗಿಳಿಯೋ ಮುಂಚೆ ರೆಗ್ಯುಲೇಟರನ್ನ ಮರೀದೆ ಸರ್ವೀಸಿಗೆ ಕೊಡಿ. ಹುಡುಗ ಅದನ್ನ ಬಿಚ್ಚಿ, ಒಳಗೆ ಸಿಮೆಂಟ್ ಧೂಳು ಕಂಡು, ‘ಸಾರ್, ಯಾವ ಸಮುದ್ರದಲ್ಲಿ ಇಳಿದಿದ್ರಿ?’ ಅಂತ ಕೇಳ್ತಾನೆ. ಉತ್ತರ ಈಗಲೇ ರೆಡಿ ಮಾಡ್ಕೊಳ್ಳಿ.